ಅಭಯವೂ ಉಂಟು, ನಡುವೆ ಕಂಬವೂ ಉಂಟು

ಕುಕ್ಕೆ ಶ್ರೀ ಸುಬ್ರಹ್ಮಣ್ಯ ಕ್ಷೇತ್ರಕ್ಕೆ ಬರುವ ಭಕ್ತಾದಿಗಳು ಕುಮಾರಧಾರೆಯಲ್ಲಿ ಮಿಂದು, ಸಾಲಿನಲ್ಲಿ ನಿಂತು ಒಳಾಂಗಣಕ್ಕೆ ಬರುತ್ತಾರೆ. ಅಲ್ಲಿ ಗರ್ಭಗುಡಿಗೂ ಮುಖ್ಯದ್ವಾರಕ್ಕೂ ನಡುವೆ ಬೆಳ್ಳಿಯ ಕವಚ ಹೊದ್ದ ಗರುಡ ಕಂಬ ಕಣ್ಣಿಗೆ ಬೀಳುತ್ತದೆ. ಎಲ್ಲರೂ ಅದಕ್ಕೊಂದು ಸುತ್ತು ಬಂದು ಕೈಮುಗಿಯುತ್ತಾರೆ. ಹೊಸದಾಗಿ ಬಂದವರಲ್ಲಿ ಕೆಲವರಿಗೆ ಸಂಶಯ ಹುಟ್ಟುವುದುಂಟು. "ಇದು ನಾಗನ ಕ್ಷೇತ್ರ. ನಾಗನಿಗೂ ಗರುಡನಿಗೂ ಹುಟ್ಟಾ ವೈರ. ಹಾಗಿರುವಾಗ ಇಲ್ಲಿ ಗರುಡನಿಗೆ ಏನು ಕೆಲಸ?" ಅಂತ.

ಈ ಸಂಶಯ ಚಿಕ್ಕದಲ್ಲ. ಮನುಷ್ಯನನ್ನು ಕೊಲ್ಲಬಲ್ಲ ಪ್ರಾಣಿಯ ಜತೆಗೆ ಮನುಷ್ಯನಿಗೆ ನಂಟು ಸಾಧ್ಯವೇ, ಸಾಧ್ಯವಾದರೆ ಆ ನಂಟು ಹೇಗಿರಬೇಕು ಎಂಬ ದೊಡ್ಡ ಪ್ರಶ್ನೆಗೆ ಈ ಕಂಬದಲ್ಲಿ ಉತ್ತರ ಉಂಟು. ಪುತ್ತೂರು, ಸುಳ್ಯ, ಕಡಬದ ಜನ ಹಾವು, ಹಂದಿ, ಆನೆಗಳ ಜತೆಗೇ ಬಾಳಿದವರು. ಅವರ ನಂಬಿಕೆಯಲ್ಲೂ ನಡೆವಳಿಕೆಯಲ್ಲೂ ಆ ಉತ್ತರ ಬೆರೆತುಕೊಂಡಿದೆ.

ವಾಸುಕಿ ನಂಜು ಬಿಟ್ಟನೇ?

ಸ್ಥಳಪುರಾಣ ಹೀಗಿದೆ. ಗರುಡನ ಭಯದಿಂದ ಸರ್ಪರಾಜ ವಾಸುಕಿ ಇಲ್ಲಿನ ಬಿಲದ್ವಾರ ಗುಹೆಯಲ್ಲಿ ಅಡಗಿ ಶಿವನನ್ನು ಕುರಿತು ತಪಸ್ಸು ಮಾಡಿದ. ಅತ್ತ ಕುಮಾರಸ್ವಾಮಿ ತಾರಕ, ಶೂರಪದ್ಮ ಮೊದಲಾದ ಅಸುರರನ್ನು ಸಂಹರಿಸಿ ಕುಮಾರಪರ್ವತಕ್ಕೆ ಬಂದ. ಇಂದ್ರನು ತನ್ನ ಮಗಳು ದೇವಸೇನೆಯನ್ನು ಕುಮಾರಧಾರೆಯ ತೀರದಲ್ಲಿ ಮಾರ್ಗಶಿರ ಶುದ್ಧ ಷಷ್ಠಿಯಂದು ಅವನಿಗೆ ಧಾರೆಯೆರೆದು ಕೊಟ್ಟ. ವಾಸುಕಿಯ ತಪಸ್ಸಿಗೆ ಮೆಚ್ಚಿ ಸ್ವಾಮಿಯು ಅವನಿಗೆ ಅಭಯ ಕೊಟ್ಟು, ತನ್ನ ಸನ್ನಿಧಿಯಲ್ಲೇ ಇರಿಸಿಕೊಂಡ. ಚಂಪಾಷಷ್ಠಿಯ ತೇರು ಇಂದಿಗೂ ಆ ದಿನದ ನೆನಪು.

ಆಮೇಲೆ ಕಂಬದ ಮಾತು. ಒಳಗಿರುವ ವಾಸುಕಿಯ ಉಸಿರಿನ ವಿಷಜ್ವಾಲೆ ಭಕ್ತರಿಗೆ ತಾಗಬಾರದು ಎಂದು ಗರುಡ ಕಂಬವನ್ನು ನಡುವೆ ನಿಲ್ಲಿಸಿದರು ಎಂಬುದು ಹಿರಿಯರು ಹೇಳಿಕೊಂಡು ಬಂದ ನಂಬಿಕೆ.

ಇಲ್ಲಿ ಒಂದು ವಿಷಯ ಗಮನಿಸಬೇಕು. ಸ್ವಾಮಿ ಅಭಯ ಕೊಡುವಾಗ "ನಿನ್ನ ವಿಷ ಬಿಟ್ಟುಬಿಡು, ಆಮೇಲೆ ಜಾಗ ಕೊಡ್ತೇನೆ" ಎನ್ನಲಿಲ್ಲ. ವಾಸುಕಿ ವಾಸುಕಿಯಾಗಿಯೇ ಉಳಿದ. ಅವನ ಹಲ್ಲು ಕಿತ್ತಿಲ್ಲ, ಉಸಿರು ತಡೆದಿಲ್ಲ. ಹಾಗಂತ "ದೇವರ ಹಾವು, ಏನೂ ಮಾಡುವುದಿಲ್ಲ, ಹತ್ತಿರ ಹೋಗಿ" ಎಂದು ಭಕ್ತರನ್ನು ಒಳಗೆ ಬಿಟ್ಟದ್ದೂ ಇಲ್ಲ. ಅವನಿಗೆ ಆಶ್ರಯ, ಇವರಿಗೆ ರಕ್ಷಣೆ, ನಡುವೆ ಒಂದು ಕಂಬ. ಹಾವಿನ ವೈರಿಯಾದ ಗರುಡನೇ ಇಲ್ಲಿ ಕೊಲ್ಲುವ ಕೆಲಸ ಬಿಟ್ಟು ಕಾಯುವ ಕೆಲಸಕ್ಕೆ ನಿಂತಿದ್ದಾನೆ.

ಪುಣ್ಯಕೋಟಿಯ ಹುಲಿ

ಕನ್ನಡಿಗರೆಲ್ಲ ಎಳವೆಯಲ್ಲಿ ಕೇಳುವ ಪುಣ್ಯಕೋಟಿಯ ಕತೆಯಲ್ಲೂ ಕೊಲ್ಲುವ ಪ್ರಾಣಿ ಉಂಟು. ಹಸು ಮಾತಿಗೆ ತಪ್ಪದೆ ಹಿಂದೆ ಬಂತು. ಅದನ್ನು ನೋಡಿ ಹುಲಿಯ ಮನಸ್ಸು ಕರಗಿತು. ಹಸುವನ್ನು ತಿನ್ನಲಾರದೆ ಹುಲಿ ತಾನೇ ಪ್ರಾಣ ಬಿಟ್ಟಿತು. ಸತ್ಯದ ಮಹಿಮೆ ಹೇಳುವುದಕ್ಕೆ ಇದಕ್ಕಿಂತ ದೊಡ್ಡ ಕತೆ ಬೇಡ. ಕೇಳಿದ ಮಕ್ಕಳು ಅಳದೆ ಇರುವುದಿಲ್ಲ.

ಆದರೆ ಕೆಲವು ಮಕ್ಕಳು ಕೇಳುತ್ತಾರೆ: "ಅಜ್ಜೀ, ಹುಲಿ ಯಾಕೆ ಸಾಯ್ಬೇಕಿತ್ತು? ಅದಕ್ಕೆ ಹಸಿವೆ ಅಲ್ವಾ?" ಅಜ್ಜಿಯಂದಿರಿಗೆ ಇದಕ್ಕೆ ಉತ್ತರ ಹೇಳುವುದು ಕಷ್ಟ. ಹುಲಿ ಒಳ್ಳೆಯದಾದ ಕೂಡಲೆ ಅದಕ್ಕೆ ಬದುಕುವ ದಾರಿ ಉಳಿಯಲಿಲ್ಲ. ಒಳ್ಳೆಯ ಹುಲಿ ಅಂದರೆ ಹುಲಿಯಾಗಿ ಇರದ ಹುಲಿ ಎಂದಾಯಿತು. ಆ ಕತೆ ಮನುಷ್ಯನಿಗೆ ಸತ್ಯ ಕಲಿಸುತ್ತದೆ. ಹುಲಿಯ ಜತೆಗೆ ಬಾಳುವುದು ಹೇಗೆ ಎಂಬುದನ್ನು ಕಲಿಸುವುದು ಅದರ ಉದ್ದೇಶವಲ್ಲ.

ಎರಡನೆಯದನ್ನು ಕಲಿಸುವುದು ವಾಸುಕಿಯ ಕತೆ. ಇನ್ನೊಂದು ಜೀವಿ ತನ್ನ ಸ್ವಭಾವ ಬಿಟ್ಟು ಬಂದರೆ ಪ್ರೀತಿಸುತ್ತೇನೆ ಎನ್ನುವುದು ಸುಲಭ. ಅದು ತನ್ನ ಸ್ವಭಾವದಲ್ಲೇ ಇದ್ದುಕೊಂಡು, ತನಗೆ ಅಪಾಯವೂ ಆಗಬಲ್ಲುದು ಎಂದು ಗೊತ್ತಿದ್ದೂ ಅದಕ್ಕೆ ಜಾಗ ಕೊಡುವುದು ಕಷ್ಟದ ಧರ್ಮ.

ಭಯ ಮತ್ತು ಭಕ್ತಿ

"ಭಯಭಕ್ತಿಯಿಂದ ಮಾಡು" ಎಂದು ಹಿರಿಯರು ಹೇಳುತ್ತಾರೆ. ಈ ಎರಡು ಮಾತು ಒಟ್ಟಿಗೇ ಬಂದದ್ದು ಸುಮ್ಮನೆ ಅಲ್ಲ. ಬರೀ ಭಯ ಇದ್ದವನು ಹಾವು ಕಂಡರೆ ದೊಣ್ಣೆ ಹುಡುಕುತ್ತಾನೆ. ಬರೀ ಭಕ್ತಿ ಇದ್ದವನು ಹಾವು ಕಂಡರೆ ಕೈ ಚಾಚುತ್ತಾನೆ. ಮೊದಲನೆಯವನಿಂದ ಹಾವಿಗೆ ಕೇಡು, ಎರಡನೆಯವನಿಗೆ ಹಾವಿನಿಂದ ಕೇಡು. ಎರಡೂ ಸೇರಿದರೆ ಮಾತ್ರ ಮನುಷ್ಯ ನಿಂತಲ್ಲೇ ನಿಂತು, ಎರಡು ಹೆಜ್ಜೆ ಹಿಂದೆ ಸರಿದು, ಹಾವಿಗೆ ಹೋಗಲು ದಾರಿ ಬಿಡುತ್ತಾನೆ.

ತುಳುನಾಡಿನ ನಾಗಬನ ಈ ಭಯಭಕ್ತಿಯ ಫಲ. ಹಳೆಯ ತರವಾಡು ಮನೆಗಳಲ್ಲಿ ತೋಟ, ಗದ್ದೆ, ಅಂಗಳ, ಕೊಟ್ಟಿಗೆ ಎಲ್ಲ ಮನುಷ್ಯರಿಗೆ. ಒಂದು ಮೂಲೆಯ ಬನ ಮಾತ್ರ ನಾಗನಿಗೆ. ಅಲ್ಲಿ ಕತ್ತಿ ತಾಗಿಸುವಂತಿಲ್ಲ, ಸೊಪ್ಪು ಸೌದೆ ತರುವಂತಿಲ್ಲ. ನಾಗರಪಂಚಮಿಯ ದಿನ ಹೋಗಿ ಕಲ್ಲಿಗೆ ತನು ಎರೆದು ಬಂದರೆ ಉಳಿದ ದಿನಗಳಲ್ಲಿ ಆ ಕಡೆಗೆ ಸುಳಿಯುವುದು ಕಡಿಮೆ. ಹಾಲು, ಸೀಯಾಳ ಎರೆಯುವುದು ಕಲ್ಲಿನ ನಾಗನಿಗೆ, ಜೀವಂತ ಹಾವನ್ನು ಹಿಡಿದು ತಂದು ಅದರ ಬಾಯಿಗಲ್ಲ. ಸತ್ತ ನಾಗರಹಾವು ಕಂಡರೆ ಮನುಷ್ಯನಿಗೆ ಮಾಡಿದಂತೆ ಸಂಸ್ಕಾರ ಮಾಡುವ ಪದ್ಧತಿ ಇಲ್ಲಿದೆ. ಕುಕ್ಕೆಯಲ್ಲಿ ನಡೆಯುವ ಸರ್ಪಸಂಸ್ಕಾರ ಸೇವೆಯ ಹಿಂದೆಯೂ ಹಾವಿನ ಸಾವು ಮನುಷ್ಯನ ಲೆಕ್ಕಕ್ಕೆ ಬರುತ್ತದೆ ಎಂಬ ಭಾವನೆ ಉಂಟು.

ಭೂತಾರಾಧನೆಯಲ್ಲೂ ಇದೇ ಕ್ರಮ. ಬೆಳೆ ಹಾಳು ಮಾಡುವ ಕಾಡುಹಂದಿ ಪಂಜುರ್ಲಿ ದೈವವಾಗಿ ಬೆಳೆ ಕಾಯುತ್ತದೆ. ದನ ಕೊಲ್ಲುವ ಹುಲಿ ಪಿಲಿಚಾಮುಂಡಿಯಾಗಿ ಊರು ಕಾಯುತ್ತದೆ. ಯಾರಿಂದ ನಷ್ಟವೋ ಅವರನ್ನೇ ಕರೆದು ಮಣೆ ಹಾಕಿ, "ನಿನ್ನ ಪಾಲು ನಿನಗೆ, ನಮ್ಮ ಪಾಲು ನಮಗೆ" ಎಂದು ಒಪ್ಪಂದ ಮಾಡಿಕೊಂಡ ಹಾಗೆ. ಕೋಲ ಕಳೆದ ಮೇಲೆ ಹಂದಿ ತೋಟಕ್ಕೆ ಬರುವುದು ನಿಲ್ಲುತ್ತದೆ ಅಂತ ಯಾರೂ ತಿಳಿದಿಲ್ಲ. ಬೇಲಿಯನ್ನೂ ಕಟ್ಟುತ್ತಾರೆ, ದೈವಕ್ಕೂ ಕೈ ಮುಗಿಯುತ್ತಾರೆ.

ಬಲಾತ್ಕಾರದ ನಂಟು ಏನಾಗುತ್ತದೆ ಎಂಬುದಕ್ಕೆ ಪುತ್ತೂರಿನಲ್ಲಿ ಕತೆ ಉಂಟು. ಮಹಾಲಿಂಗೇಶ್ವರನ ಲಿಂಗವನ್ನು ಎಬ್ಬಿಸಲು ಆನೆಯನ್ನು ಕಟ್ಟಿ ಎಳೆಸಿದರಂತೆ. ಲಿಂಗ ಅಲುಗಲಿಲ್ಲ, ಆನೆಯ ಮೈ ಛಿದ್ರವಾಗಿ ಅದರ ಕೊಂಬು ಬಿದ್ದ ಜಾಗವೇ ಕೊಂಬೆಟ್ಟು ಆಯಿತು ಎನ್ನುತ್ತಾರೆ. ಹಟ ಮಾಡಿದ್ದು ಮನುಷ್ಯ, ಪ್ರಾಣ ಕೊಟ್ಟದ್ದು ಆನೆ. ಮನುಷ್ಯನ ಹಟಕ್ಕೆ ಕಾಡುಪ್ರಾಣಿಯ ಬಲವನ್ನು ಬಳಸುವುದರ ಬಗ್ಗೆ ಆ ಊರು ಇಟ್ಟುಕೊಂಡ ನೆನಪು ಅದು ಎನ್ನಬಹುದು.

ಕಾಡಿನ ಕಾಳಿಂಗ

ಕುಮಾರಪರ್ವತದ ಕಡೆಯ ಕಾಡುಗಳಲ್ಲಿ ನಿಜವಾದ ಸರ್ಪರಾಜನೂ ಇದ್ದಾನೆ. ಅದು ಕಾಳಿಂಗ ಸರ್ಪ, ಜಗತ್ತಿನ ವಿಷದ ಹಾವುಗಳಲ್ಲೆಲ್ಲ ಉದ್ದವಾದದ್ದು. ಇದರ ಮುಖ್ಯ ಆಹಾರ ಬೇರೆ ಹಾವುಗಳು. ಕೇರೆ ಹಾವನ್ನು ಅಟ್ಟಿಸಿಕೊಂಡು ತೋಟಕ್ಕೆ, ಸೌದೆ ರಾಶಿಗೆ, ಒಮ್ಮೊಮ್ಮೆ ಬಚ್ಚಲಿಗೂ ಬರುವುದುಂಟು. ನಾಗರಹಾವನ್ನೂ ತಿನ್ನುತ್ತದೆ. ಮನುಷ್ಯನನ್ನು ಹುಡುಕಿಕೊಂಡು ಬಂದು ಕಚ್ಚುವ ಜಾತಿ ಇದಲ್ಲ. ಆದರೆ ಸಿಕ್ಕಿಬಿದ್ದರೆ ಅಥವಾ ಮೊಟ್ಟೆಯ ಹತ್ತಿರ ಯಾರಾದರೂ ಹೋದರೆ ಸುಮ್ಮನೆ ಇರುವುದೂ ಇಲ್ಲ.

ಇದರ ತಾಯ್ತನ ಬೆರಗಿನದು. ಬೇಸಗೆಯಲ್ಲಿ ಹೆಣ್ಣು ಕಾಳಿಂಗ ಒಣಗಿದ ಎಲೆಗಳನ್ನು, ಬಿದಿರಿನ ತರಗೆಲೆಗಳನ್ನು ಮೈಯಿಂದ ಎಳೆದು ರಾಶಿ ಮಾಡಿ ಗೂಡು ಕಟ್ಟುತ್ತದೆ. ಹಾವುಗಳಲ್ಲಿ ಹೀಗೆ ಗೂಡು ಕಟ್ಟುವುದು ಕಾಳಿಂಗ ಮಾತ್ರ. ಅದರೊಳಗೆ ಮೊಟ್ಟೆಯಿಟ್ಟು ವಾರಗಟ್ಟಲೆ ಕಾವಲಿರುತ್ತದೆ. ಮರಿಗಳು ಹೊರಬರುವ ಮೊದಲು ತಾನು ಹೊರಟುಹೋಗುತ್ತದೆ. ಹಾವು ತಿನ್ನುವ ಹಾವು ಅದು. ತನ್ನ ಮರಿಗಳ ಮೇಲೆ ತನ್ನದೇ ಹಸಿವು ಬೀಳಬಾರದು ಎಂದು ದೂರ ಹೋಗುತ್ತದೆಯೋ ಏನೋ ಎಂದು ಬಲ್ಲವರು ಊಹಿಸುತ್ತಾರೆ. ದೂರ ಹೋಗುವುದರಲ್ಲೂ ವಾತ್ಸಲ್ಯ ಇರಬಹುದು ಎಂದು ಇದನ್ನು ನೋಡಿದರೆ ಅನಿಸುತ್ತದೆ.

ಆಗುಂಬೆಯಲ್ಲಿ 1971ರಲ್ಲಿ ಮೊದಲ ಬಾರಿಗೆ ಕಾಡಿನ ಕಾಳಿಂಗವನ್ನು ಕಂಡ ರಾಮುಲಸ್ ವಿಟೇಕರ್ 2005ರಲ್ಲಿ ಅಲ್ಲಿಯೇ ಮಳೆಕಾಡು ಸಂಶೋಧನಾ ಕೇಂದ್ರ ಕಟ್ಟಿದರು. ಹಾವುಗಳಿಗೆ ರೇಡಿಯೋ ಸಾಧನ ಅಳವಡಿಸಿ ಅವು ಎಲ್ಲೆಲ್ಲಿ ಓಡಾಡುತ್ತವೆ ಎಂದು ಅಲ್ಲಿ ನೋಡಿದರು. ಹಿಡಿದು ದೂರದ ಕಾಡಿಗೆ ಬಿಟ್ಟ ಹಾವು ಗೊತ್ತಿಲ್ಲದ ಜಾಗದಲ್ಲಿ ದಿಕ್ಕುಗೆಟ್ಟು ಅಲೆಯುತ್ತದೆ ಎಂಬುದು ಇಂಥ ಅಧ್ಯಯನಗಳಿಂದ ತಿಳಿಯಿತು. "ನಮ್ಮ ತೋಟದಿಂದ ತೆಗೆದುಕೊಂಡು ಹೋಗಿ, ಎಲ್ಲಾದರೂ ಬಿಡಿ" ಎನ್ನುವುದು ಕೊಂದಷ್ಟು ಪಾಪವಲ್ಲ ಅಂತ ಜನ ತಿಳಿಯುತ್ತಾರೆ. ಆದರೆ ಹಾವಿನ ಪಾಲಿಗೆ ಅದೂ ಒಂದು ಗಡೀಪಾರು. ಸಾಧ್ಯವಾದಲ್ಲಿ ಅದಾಗಿ ಹೋಗಲು ಬಿಡುವುದು, ಹಿಡಿಯಲೇಬೇಕಾದರೆ ಬಲ್ಲವರಿಂದ ಹಿಡಿಸಿ ಹತ್ತಿರದ ಕಾಡಿಗೇ ಬಿಡುವುದು ಒಳ್ಳೆಯದು.

ಕಾಳಿಂಗವೆಲ್ಲ ಒಂದೇ ಜಾತಿ ಎಂದು ಬಹುಕಾಲ ತಿಳಿದಿದ್ದರು. ಗೌರಿಶಂಕರ್ ಮತ್ತು ಸಂಗಡಿಗರ ಅಧ್ಯಯನ 2024ರಲ್ಲಿ ಅದನ್ನು ನಾಲ್ಕು ಜಾತಿಗಳಾಗಿ ವಿಂಗಡಿಸಿತು. ಪಶ್ಚಿಮ ಘಟ್ಟದ ಜಾತಿಗೆ ಇಟ್ಟ ವೈಜ್ಞಾನಿಕ ಹೆಸರು 'ಓಫಿಯೋಫೇಗಸ್ ಕಾಳಿಂಗ'. ಕನ್ನಡ ನಾಡಿನ ಜನ ತಲೆಮಾರುಗಳಿಂದ ಕರೆದ ಹೆಸರು ಈಗ ಲೋಕದ ಶಾಸ್ತ್ರಕ್ಕೆ ಸೇರಿದೆ. ಮಂಗಳೂರಿನ ಪಿಲಿಕುಳ ಜೈವಿಕ ಉದ್ಯಾನದಲ್ಲಿ ಕಾಳಿಂಗದ ಸಂತಾನ ಬೆಳೆಸುವ ಕೆಲಸವೂ ನಡೆದಿದೆ.

ಮುಟ್ಟುವ ಚಪಲ

ಮಹಾಭಾರತದ ಆದಿಪರ್ವದಲ್ಲಿ ರುರು ಎಂಬ ಮುನಿಕುಮಾರನ ಕತೆ ಬರುತ್ತದೆ. ಅವನು ಮದುವೆಯಾಗಬೇಕಿದ್ದ ಪ್ರಮದ್ವರೆಯನ್ನು ಹಾವು ಕಚ್ಚಿತು. ರುರು ತನ್ನ ಆಯುಷ್ಯದ ಅರ್ಧ ಕೊಟ್ಟು ಆಕೆಯನ್ನು ಬದುಕಿಸಿಕೊಂಡ. ಆದರೆ ಸಿಟ್ಟು ಇಳಿಯಲಿಲ್ಲ. ಕೋಲು ಹಿಡಿದು ಕಂಡ ಹಾವುಗಳನ್ನೆಲ್ಲ ಕೊಲ್ಲುತ್ತಾ ಹೋದ. ಒಮ್ಮೆ ಡುಂಡುಭ ಎಂಬ ವಿಷವಿಲ್ಲದ ಮುದಿ ಹಾವಿಗೆ ಕೋಲೆತ್ತಿದಾಗ ಅದು ಮಾತಾಡಿತು. "ನಿನಗೆ ನಾನೇನು ಮಾಡಿದ್ದೇನೆ?" ಎಂದು ಕೇಳಿತು. ಅಹಿಂಸೆಯೇ ಪರಮಧರ್ಮ ಎಂಬ ಉಪದೇಶ ರುರುವಿಗೆ ಸಿಕ್ಕಿದ್ದು ಆ ಹಾವಿನ ಬಾಯಿಂದ.

ಆ ಹಾವು ಹಿಂದೆ ಋಷಿಯಾಗಿತ್ತು. ಅದಕ್ಕೆ ಶಾಪ ಬಂದದ್ದು ಯಾಕೆ ಗೊತ್ತಾ? ಎಳೆಯ ಪ್ರಾಯದಲ್ಲಿ ಹುಲ್ಲಿನಿಂದ ಹಾವು ಮಾಡಿ ಗೆಳೆಯನನ್ನು ಹೆದರಿಸಿ ತಮಾಷೆ ನೋಡಿದ್ದಕ್ಕೆ. ಹಾವನ್ನು ಕೊಂದದ್ದಕ್ಕಲ್ಲ, ಹಾವಿನ ಹೆಸರಲ್ಲಿ ಆಟ ಆಡಿದ್ದಕ್ಕೆ.

ಈಗಿನ ಕಾಲಕ್ಕೆ ಈ ಮಾತು ಹೆಚ್ಚು ಹೊಂದುತ್ತದೆ. ಹಾವಿಗೆ ಮುತ್ತು ಕೊಡುವುದು, ಕೊರಳಿಗೆ ಹಾಕಿಕೊಳ್ಳುವುದು, ಮೊಬೈಲಿನಲ್ಲಿ ಚಿತ್ರ ತೆಗೆದು ಹಂಚುವುದು ನಡೆಯುತ್ತಿದೆ. ನೋಡಿದವರು "ಅಬ್ಬಾ, ಎಂಥಾ ಬಾಂಧವ್ಯ!" ಎನ್ನುತ್ತಾರೆ. ಆ ಹಾವಿಗೆ ಬಾಂಧವ್ಯ ಬೇಕಿತ್ತೇ ಎಂದು ಯಾರೂ ಕೇಳುವುದಿಲ್ಲ. ಹಾವಿಗೆ ಬೇಕಾದದ್ದು ಬಿಲ, ಆಹಾರ, ಕತ್ತಲೆ. ಹಾವಿಗೆ ಹಾಲು ಸಹಜ ಆಹಾರವಲ್ಲ. ಬಾಯಾರಿಸಿ ಇಟ್ಟ ಹಾವು ಸಿಕ್ಕಿದ್ದನ್ನು ಕುಡಿಯುತ್ತದೆ, ಅಷ್ಟೆ. ಅದನ್ನು ಭಕ್ತಿ ಎಂದು ತಿಳಿಯುವುದು ಮನುಷ್ಯನ ಭ್ರಮೆ. ಕಾಡುಪ್ರಾಣಿಯನ್ನು ಹಿಡಿದಿಟ್ಟುಕೊಳ್ಳುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಪರಾಧವೂ ಹೌದು.

ಹಾಗಾದರೆ ಹತ್ತಿರದ ಒಡನಾಟದಲ್ಲಿ ನಿಜವಾದ ಪ್ರೀತಿ ಇಲ್ಲವೇ? ಉಂಟು. ಮಾವುತರಿಗೂ ಆನೆಗಳಿಗೂ ಇರುವ ನಂಟು ಸುಳ್ಳಲ್ಲ. 2012ರಿಂದ 2019ರವರೆಗೆ ಮೈಸೂರು ದಸರೆಯ ಅಂಬಾರಿ ಹೊತ್ತ ಅರ್ಜುನ 2023ರ ಡಿಸೆಂಬರ್ 4ರಂದು ಸಕಲೇಶಪುರ ತಾಲೂಕಿನ ಯಸಳೂರು ವಲಯದಲ್ಲಿ ಕಾಡಾನೆಯ ಜತೆ ಕಾದಾಡಿ ಸತ್ತ. ಕುಕ್ಕೆಯಿಂದ ಬಿಸಿಲೆ ಘಾಟಿ ಹತ್ತಿದರೆ ಆ ಸೀಮೆ. ಅರ್ಜುನನ ಕಳೇಬರದ ಮುಂದೆ ಮಾವುತ ಅತ್ತದ್ದನ್ನು ನೋಡಿ ನಾಡೇ ಅತ್ತಿತು. ಆ ಕಣ್ಣೀರು ನಿಜ. ಆದರೆ ಅರವತ್ತು ದಾಟಿದ ಆ ಜೀವವನ್ನು ಅದರದ್ದೇ ಕುಲದ ಇನ್ನೊಂದು ಆನೆಯ ಎದುರಿಗೆ ನಿಲ್ಲಿಸಿದ್ದು ಮನುಷ್ಯನ ಕೆಲಸ ಎಂಬುದೂ ಅಷ್ಟೇ ನಿಜ. ಪಳಗಿಸಿದ ನಂಟಿನಲ್ಲಿ ಪ್ರೀತಿ ಎಷ್ಟೇ ಇರಲಿ, ಬೇಡ ಎನ್ನುವ ಹಕ್ಕು ಪ್ರಾಣಿಗೆ ಇರುವುದಿಲ್ಲ.

ಎರಡು ತಿಂಗಳ ಅಂತರದಲ್ಲಿ

ಈ ವಿಚಾರವೆಲ್ಲ ಹೇಳುವುದಕ್ಕೆ ಸುಲಭ, ಬದುಕುವುದಕ್ಕೆ ಕಷ್ಟ. 2023ರಲ್ಲಿ ಈ ಸೀಮೆ ಅದನ್ನು ಕಣ್ಣಾರೆ ಕಂಡಿತು.

ಆ ವರ್ಷ ಫೆಬ್ರವರಿ 20ರ ಬೆಳಿಗ್ಗೆ ಕಡಬ ತಾಲೂಕಿನ ರೆಂಜಿಲಾಡಿಯಲ್ಲಿ ಕೆಲಸಕ್ಕೆಂದು ಮನೆಯಿಂದ ಹೊರಟ ಒಬ್ಬ ಯುವತಿಯ ಮೇಲೆ ಕಾಡಾನೆ ಎರಗಿತು. ಆಕೆಯ ಕೂಗು ಕೇಳಿ ರಕ್ಷಿಸಲು ಓಡಿ ಬಂದವರನ್ನೂ ಆನೆ ಬಿಡಲಿಲ್ಲ. ಎರಡು ಜೀವ ಹೋಯಿತು. ಊರಿನ ಜನ ರೊಚ್ಚಿಗೆದ್ದರು. ಸಾಕಾನೆಗಳನ್ನು ತರಿಸಿ ಕೆಲವೇ ದಿನಗಳಲ್ಲಿ ಒಂದು ಕಾಡಾನೆಯನ್ನು ಹಿಡಿದು ಸಾಗಿಸಿದರು.

ಎರಡು ತಿಂಗಳೂ ಆಗಿರಲಿಲ್ಲ. ಏಪ್ರಿಲ್‌ನಲ್ಲಿ ಪಕ್ಕದ ಸುಳ್ಯ ತಾಲೂಕಿನ ಅಜ್ಜಾವರದಲ್ಲಿ ತೋಟದ ಕೆರೆಗೆ ನಾಲ್ಕು ಕಾಡಾನೆಗಳು ಬಿದ್ದವು. ಅವುಗಳಲ್ಲಿ ಎರಡು ಮರಿ. ಮೇಲೆ ಬರಲಾಗದೆ ಒದ್ದಾಡುತ್ತಿದ್ದವು. ರೆಂಜಿಲಾಡಿಯ ಸುದ್ದಿ ಯಾರಿಗೂ ಮರೆತಿರಲಿಲ್ಲ. ಆನೆಯಿಂದ ಆ ಊರಿನವರು ಅನುಭವಿಸಿದ ನಷ್ಟವೂ ಕಡಿಮೆಯಲ್ಲ. ಆದರೂ ಅರಣ್ಯ ಇಲಾಖೆಯವರೂ ಊರವರೂ ಸೇರಿ ಕೆರೆಯ ದಂಡೆ ಕಡಿದು ಆನೆಗಳಿಗೆ ಹತ್ತಿ ಬರಲು ದಾರಿ ಮಾಡಿಕೊಟ್ಟರು.

ಆ ಹೊತ್ತಿಗೆ ಅವರು ಆನೆಯನ್ನು ಮುಟ್ಟಿ ಮುದ್ದು ಮಾಡಬೇಕಾಗಿರಲಿಲ್ಲ, ಮುಟ್ಟುವಂತೆಯೂ ಇರಲಿಲ್ಲ. ಮಾಡಬೇಕಾದದ್ದು ಎರಡೇ. ಮಣ್ಣು ಕಡಿಯುವುದು, ಆಮೇಲೆ ದೂರ ಸರಿಯುವುದು. ಮೇಲೆ ಬಂದ ಆನೆ ಕೃತಜ್ಞತೆ ತೋರಿಸುತ್ತದೆ ಎಂಬ ಭರವಸೆ ಯಾರಿಗೂ ಇರಲಾರದು. ನಾಳೆ ಅದೇ ಆನೆ ಬಾಳೆ ಮುರಿಯಲೂಬಹುದು. ಪ್ರತಿಫಲ ಬಯಸದೆ ಮಾಡುವ ಕರ್ಮದ ಬಗ್ಗೆ ಪ್ರವಚನ ಕೇಳುವವರು ಈ ಕೆರೆಯ ದಂಡೆಯನ್ನೂ ನೆನಪಿಟ್ಟುಕೊಳ್ಳಬಹುದು.

ಬೆಲೆ ತೆರುವವರು ಯಾರು?

ಇಲ್ಲಿ ಒಂದು ಕಠಿಣ ಮಾತು ಉಳಿದಿದೆ. ಇದನ್ನು ಬಿಟ್ಟು ಅಹಿಂಸೆಯ ಉಪದೇಶ ಮಾಡಿದರೆ ಅದು ಅರ್ಧ ಸತ್ಯ ಆಗುತ್ತದೆ.

ಕರ್ನಾಟಕದ ಕಾಡುಗಳಲ್ಲಿ ಆರು ಸಾವಿರಕ್ಕೂ ಹೆಚ್ಚು ಆನೆಗಳಿವೆ, ದೇಶದಲ್ಲೇ ಹೆಚ್ಚು. ಇದನ್ನು ಹೆಮ್ಮೆಯಿಂದ ಹೇಳುವವರು ಎಲ್ಲೆಡೆ ಇದ್ದಾರೆ. ಆದರೆ ರಾತ್ರಿ ಗರ್ನಾಲು ಹಿಡಿದು ತೋಟ ಕಾಯುವವರು ಕಾಡಂಚಿನವರು ಮಾತ್ರ. "ದೇವರು ಅಂತ ಕೈ ಮುಗೀಬಹುದು ಮಾರಾಯ್ರೆ. ಹತ್ತು ವರ್ಷ ಸಾಕಿದ ಅಡಿಕೆ, ತೆಂಗು ಒಂದು ರಾತ್ರಿಯಲ್ಲಿ ಹೋದ್ರೆ ಸೊಸೈಟಿ ಸಾಲ ಯಾರು ಕಟ್ಟುದು?" ಎಂದು ಅವರು ಕೇಳಿದರೆ ಅದರಲ್ಲಿ ಅಧರ್ಮ ಇಲ್ಲ.

ಹಾವಿನ ವಿಷಯದಲ್ಲೂ ಹೀಗೇ. 2000ದಿಂದ 2019ರವರೆಗೆ ಭಾರತದಲ್ಲಿ ಹಾವು ಕಚ್ಚಿ ಸತ್ತವರು ಸುಮಾರು 12 ಲಕ್ಷ ಎಂದು 2020ರಲ್ಲಿ ಪ್ರಕಟವಾದ ಅಧ್ಯಯನವೊಂದು ಅಂದಾಜು ಮಾಡಿತು. ವರ್ಷಕ್ಕೆ ಸರಾಸರಿ 58,000. ಅವರಲ್ಲಿ ಹೆಚ್ಚಿನವರು ಹಳ್ಳಿಯವರು, ಗದ್ದೆ ತೋಟದಲ್ಲಿ ದುಡಿಯುವವರು. ನಮ್ಮಲ್ಲಿ ಸಿಗುವ ವಿಷಪ್ರತಿರೋಧಕ ಔಷಧಿ ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ ಎಂಬ ನಾಲ್ಕು ಹಾವುಗಳ ವಿಷದಿಂದ ತಯಾರಾಗುವಂಥದ್ದು. ಕಾಳಿಂಗ ಆ ಪಟ್ಟಿಯಲ್ಲಿಲ್ಲ. ಕರ್ನಾಟಕ ಸರಕಾರ 2024ರಲ್ಲಿ ಹಾವು ಕಡಿತದ ಪ್ರಕರಣಗಳನ್ನು ಆಸ್ಪತ್ರೆಗಳು ಕಡ್ಡಾಯವಾಗಿ ವರದಿ ಮಾಡಬೇಕು ಎಂದು ಮಾಡಿತು. ಲೆಕ್ಕವೇ ಇಲ್ಲದೆ ಸಾಯುತ್ತಿದ್ದವರು ಲೆಕ್ಕಕ್ಕಾದರೂ ಬರುವಂತಾಯಿತು.

ಆದ್ದರಿಂದ ಪ್ರಶ್ನೆ ಹಾವು ಪವಿತ್ರವೋ ಮನುಷ್ಯ ಪವಿತ್ರನೋ ಎಂಬುದಲ್ಲ. ವಾಸುಕಿಗೆ ಅಭಯ ಕೊಟ್ಟ ಸ್ವಾಮಿ ಭಕ್ತರನ್ನು ಮರೆಯಲಿಲ್ಲ, ಅದಕ್ಕೇ ಕಂಬ ಉಂಟು. ಅಭಯ ಮಾತ್ರ ಕೊಟ್ಟು ಕಂಬ ನಿಲ್ಲಿಸದಿದ್ದರೆ ಅದು ಬಡವರ ಜೀವದ ಮೇಲೆ ಮಾಡಿದ ಪುಣ್ಯ. ಕಂಬ ಮಾತ್ರ ನಿಲ್ಲಿಸಿ ಅಭಯ ಕೊಡದಿದ್ದರೆ ಕಾಡು ಬರಿದಾಗುತ್ತದೆ. ಕಾಡಂಚಿನ ಮನೆಗೆ ದೀಪ, ಆನೆ ಬಂದ ಸುದ್ದಿ ಮುಂಚೆ ತಲುಪುವ ವ್ಯವಸ್ಥೆ, ಹತ್ತಿರದ ಆಸ್ಪತ್ರೆಯಲ್ಲಿ ಔಷಧಿ, ಬೆಳೆ ಹೋದವರಿಗೆ ತಡವಿಲ್ಲದ ಪರಿಹಾರ, ಇವೆಲ್ಲ ಈ ಕಾಲದ ಗರುಡ ಕಂಬಗಳು. ಆನೆಯೂ ಹಾವೂ ಎಲ್ಲರಿಗೂ ದೇವರಾದರೆ ಅವುಗಳ ಜತೆ ಬಾಳುವ ಖರ್ಚೂ ಎಲ್ಲರದ್ದು ಆಗಬೇಕು. ಅದು ನಾಲ್ಕು ಊರಿನವರ ತಲೆ ಮೇಲೆ ಮಾತ್ರ ಬೀಳಬಾರದು.

ಯಾತ್ರಿಕರ ಪಾಲು

ದೂರದ ಊರುಗಳಿಂದ ಬರುವ ಭಕ್ತಾದಿಗಳು ಇದರಲ್ಲಿ ಏನು ಮಾಡಬಹುದು? ದೊಡ್ಡ ಕೆಲಸ ಏನೂ ಬೇಡ.

ಘಾಟಿಯಲ್ಲಿ ಆನೆ ಕಂಡರೆ ವಾಹನದಿಂದ ಇಳಿಯಬಾರದು, ಹಾರ್ನ್ ಹೊಡೆದು ಕೆರಳಿಸಬಾರದು, ಚಿತ್ರ ತೆಗೆಯಲು ಹತ್ತಿರ ಹೋಗಬಾರದು. ಕುಮಾರಪರ್ವತ ಹತ್ತುವವರು ಕಾಲಿಗೆ ಸರಿಯಾದ ಶೂ ಹಾಕಿ, ಕತ್ತಲಾದರೆ ಕೈಯಲ್ಲಿ ಟಾರ್ಚ್ ಹಿಡಿದು, ಕೈಕಾಲು ಇಡುವ ಜಾಗ ನೋಡಿಕೊಂಡು ನಡೆಯಬೇಕು. ತಿಂದುಳಿದ ಆಹಾರ, ಪ್ಲಾಸ್ಟಿಕ್ಕು ಕಾಡಿಗೆ ಎಸೆಯಬಾರದು. ಹಾವು ಕಚ್ಚಿದರೆ ಕೊಯ್ಯುವುದು, ಹೀರುವುದು, ಬಿಗಿಯಾಗಿ ಕಟ್ಟುವುದು ಯಾವುದನ್ನೂ ಮಾಡದೆ, ಕಚ್ಚಿದ ಭಾಗ ಅಲುಗದಂತೆ ಇರಿಸಿ, ಕೂಡಲೆ ಆಸ್ಪತ್ರೆಗೆ ಹೋಗಬೇಕು. ಹರಕೆಯನ್ನು ಆಮೇಲೆ ತೀರಿಸಬಹುದು.

ಊರಿಗೆ ಮರಳಿದ ಮೇಲಿನ ಕೆಲಸ ಮುಖ್ಯ. ಹಲವು ಕಡೆ ಈಗ ನಾಗಬನದ ಮರಗಳನ್ನು ಕಡಿದು, ನೆಲಕ್ಕೆ ಕಾಂಕ್ರೀಟು ಹಾಕಿ, ಚಂದದ ಕಟ್ಟೆ ಕಟ್ಟುತ್ತಾರೆ. ನಾಗನ ಕಲ್ಲಿಗೆ ಮಾರ್ಬಲ್ಲಿನ ಮನೆ ಸಿಗುತ್ತದೆ. ಹಾವಿಗೆ ಇದ್ದ ಬಿಲ ಹೋಗುತ್ತದೆ. ಪೂಜೆ ಹೆಚ್ಚಾಯಿತು, ಬನ ಇಲ್ಲದಾಯಿತು. ಪಕ್ಕದ ಕೊಡಗಿನಲ್ಲಿ ಸಾವಿರಕ್ಕೂ ಹೆಚ್ಚು ದೇವರಕಾಡುಗಳಿವೆ. ಅವುಗಳಲ್ಲೂ ಎಷ್ಟೋ ಕಡೆ ದೇವರು ಉಳಿದು ಕಾಡು ಕಿರಿದಾಗಿದೆ. ಬನ ಇದ್ದವರು ಅದನ್ನು ಬನವಾಗಿಯೇ ಬಿಡಬೇಕು. ಇಲ್ಲದವರು ಇದ್ದ ಜಾಗದಲ್ಲಿ ಒಂದೆರಡು ಸೆಂಟ್ಸ್ ಆದರೂ ಕತ್ತಿ ತಾಗಿಸದೆ ಬಿಟ್ಟರೆ ಅದೇ ಒಂದು ಸೇವೆ. ರಶೀದಿ ಸಿಗುವುದಿಲ್ಲ, ಫಲ ಸಿಗುತ್ತದೆ.

ಶ್ರೀ ಕ್ಷೇತ್ರದಲ್ಲಿ ಭಕ್ತರಿಗೆ ಸಿಗುವುದು ಮೃತ್ತಿಕಾ ಪ್ರಸಾದ, ಹುತ್ತದ ಮಣ್ಣು. ಹುತ್ತ ಕಟ್ಟಿದ್ದು ಗೆದ್ದಲು, ಅದರಲ್ಲಿ ವಾಸ ಹಾವಿನದು. ಮನುಷ್ಯ ಅದರಲ್ಲಿ ಕಟ್ಟಿದ್ದೂ ಇಲ್ಲ, ಇರುವುದೂ ಇಲ್ಲ. ಹೊರಗೆ ನಿಂತು ಒಂದು ಚಿಟಿಕೆ ಮಣ್ಣನ್ನು ಹಣೆಗೆ ಹಚ್ಚಿಕೊಳ್ಳುವುದಷ್ಟೇ ಅವನ ಪಾಲು. ಅಷ್ಟರಲ್ಲೇ ಅವನಿಗೆ ತೃಪ್ತಿಯಾದರೆ ನಂಜಿನ ಜೀವಿಗೂ ಅವನಿಗೂ ಇರುವ ನಂಟು ಇನ್ನೂ ಕೆಲವು ತಲೆಮಾರು ಬಾಳೀತು. ಆ ತೃಪ್ತಿಯನ್ನು ಸ್ವಾಮಿ ಎಲ್ಲರಿಗೂ ಅನುಗ್ರಹಿಸಲಿ.